ಡಿಸೆಂಬರ್‌ನಲ್ಲಿ ಮೆಚ್ಚಿದ ಊರನ್ನು ಜುಲೈನಲ್ಲಿ ಇನ್ನೊಮ್ಮೆ ನೋಡಿ: ನಡುವಯಸ್ಸಿನಲ್ಲಿ ಕರಾವಳಿಗೆ ಹೊರಟವರಿಗೆ

ಕರಾವಳಿಗೆ ಹೋಗಿ ನೆಲೆಸಬೇಕು ಅನ್ನುವ ಆಸೆ ಹೆಚ್ಚಾಗಿ ಹುಟ್ಟುವುದು ಡಿಸೆಂಬರ್‌ನಲ್ಲಿ. ಮಕ್ಕಳಿಗೆ ರಜೆ ಇರುತ್ತದೆ. ಗೋಕರ್ಣಕ್ಕೋ ಮಲ್ಪೆಗೋ ಹೋಗಿರುತ್ತೇವೆ. ಸಂಜೆ ಗಾಳಿ ಹಿತವಾಗಿರುತ್ತದೆ, ಮೀನೂಟ ಬಿಸಿಯಾಗಿರುತ್ತದೆ, ಬೆಂಗಳೂರಿನ ಸಿಗ್ನಲ್ ನೆನಪಾದರೆ ಹೊಟ್ಟೆ ಕಿವುಚುತ್ತದೆ, ಆಗ ಹೆಂಡತಿ ಮುಖ ನೋಡಿ "ಇಲ್ಲೇ ಇದ್ದುಬಿಟ್ಟರೆ ಹೇಗೆ?" ಅಂದುಬಿಡುತ್ತೇವೆ.

ನಾನು ಅಂದಿದ್ದು ಹೊನ್ನಾವರದಲ್ಲಿ, ಶರಾವತಿ ಸೇತುವೆ ಮೇಲೆ ನಿಂತು. ಆಗ ನನಗೆ 46. ತುಮಕೂರಿನ ಬಯಲುಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ದುಡಿದವನು. ಮಳೆ ಅಂದರೆ ನನಗೆ ಸಂಜೆ ಬಂದು ಹೋಗುವ ನೆಂಟ. 2022ರ ಜೂನ್‌ನಲ್ಲಿ ಹೊನ್ನಾವರಕ್ಕೆ ಬಾಡಿಗೆಗೆ ಬಂದೆವು. ಒಂದು ವರ್ಷ ಇದ್ದು, ಕುಂದಾಪುರದ ಕಡೆ ಸರಿದೆವು. ಈಗ ಇಲ್ಲೇ ಇದ್ದೇವೆ. ನಡುವೆ ಮಾಡಿದ ತಪ್ಪುಗಳು ಬೇಕಾದಷ್ಟಿವೆ. ಯಾರಾದರೂ ಫೋನ್ ಮಾಡಿ "ಯಾವ ಊರು ಒಳ್ಳೇದು?" ಅಂತ ಕೇಳಿದಾಗಲೆಲ್ಲ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು: ಕರಾವಳಿ ಒಂದೇ ಅಲ್ಲ

ನಮ್ಮ ಕಡಲತೀರ ಸುಮಾರು 320 ಕಿಲೋಮೀಟರ್. ಮೂರು ಜಿಲ್ಲೆ. ಎಲ್ಲವನ್ನೂ ದಾರದಂತೆ ಪೋಣಿಸಿರುವುದು ರಾಷ್ಟ್ರೀಯ ಹೆದ್ದಾರಿ 66 ಮತ್ತು ಕೊಂಕಣ ರೈಲು. ಆದರೆ ಮುಲ್ಕಿಯ ಬದುಕಿಗೂ ಅಂಕೋಲೆಯ ಬದುಕಿಗೂ ಸಂಬಂಧ ಕಡಿಮೆ. ನಾನು ಇದನ್ನು ಮೂರು ತುಂಡು ಮಾಡಿ ನೋಡುತ್ತೇನೆ.

ಮಂಗಳೂರಿನಿಂದ ಉಡುಪಿವರೆಗಿನ ತುಂಡಿನಲ್ಲಿ ಸುರತ್ಕಲ್, ಮುಲ್ಕಿ, ಪಡುಬಿದ್ರಿ, ಕಾಪು ಬರುತ್ತವೆ. ಆಸ್ಪತ್ರೆ, ಕಾಲೇಜು, ಬ್ಯಾಂಕು, ವಿಮಾನ ನಿಲ್ದಾಣ ಎಲ್ಲ ಹತ್ತಿರ. ಐದು ನಿಮಿಷಕ್ಕೊಂದು ಖಾಸಗಿ ಬಸ್ಸು. ಆದರೆ ಇದು ಹಳ್ಳಿಯೂ ಅಲ್ಲ, ನಿಜಕ್ಕೂ ಸಣ್ಣ ಪಟ್ಟಣವೂ ಅಲ್ಲ, ಹೆದ್ದಾರಿ ಉದ್ದಕ್ಕೂ ಬೆಳೆದ ಒಂದೇ ಉದ್ದದ ಪೇಟೆ. ಸುರತ್ಕಲ್ ಸುತ್ತ ಪೆಟ್ರೋಲಿಯಂ ಸಂಸ್ಕರಣಾಗಾರ ಮತ್ತು ಬಂದರು, ಪಡುಬಿದ್ರಿ ಹತ್ತಿರ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇವೆ. ಶುದ್ಧ ಗಾಳಿ ಬೇಕು ಅಂತ ಬೆಂಗಳೂರು ಬಿಡುವವರು ಇಲ್ಲಿ ಜಾಗ ನೋಡುವಾಗ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ನೋಡಿಕೊಳ್ಳಿ.

ಬ್ರಹ್ಮಾವರ, ಕುಂದಾಪುರ, ಬೈಂದೂರು, ಅಲ್ಲಿಂದ ಭಟ್ಕಳದವರೆಗೆ ಎರಡನೇ ತುಂಡು. ನನ್ನ ಆಯ್ಕೆ ಇದು, ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ ಅಂದುಕೊಂಡೇ ಓದಿ. ಕುಂದಾಪುರಕ್ಕೆ ಮೂರು ಕಡೆ ನೀರು. ಐದು ಹೊಳೆ ಸೇರುವ ಪಂಚಗಂಗಾವಳಿ ಇಲ್ಲಿ ಕಡಲಿಗೆ ಇಳಿಯುತ್ತದೆ. ಪೇಟೆ ಸಣ್ಣದು, ಆದರೆ ಬೇಕಾದ್ದೆಲ್ಲ ಸಿಗುತ್ತದೆ. ಮಣಿಪಾಲಕ್ಕೆ ಸುಮಾರು 40 ಕಿಲೋಮೀಟರ್. ಮಾತು ಕನ್ನಡವೇ, ಆದರೆ ಕುಂದಾಪ್ರ ಕನ್ನಡ. ಮೊದಲ ಮೂರು ತಿಂಗಳು ನನಗೆ ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ನಾನು ಮಾತಾಡಿದರೆ ಮೀನು ಮಾರುವ ಹೆಂಗಸರು ನಗುತ್ತಿದ್ದರು.

ಹೊನ್ನಾವರ, ಕುಮಟಾ, ಗೋಕರ್ಣ, ಅಂಕೋಲಾ, ಕಾರವಾರದ್ದು ಮೂರನೇ ತುಂಡು. ಚೆಲುವು ನೋಡಿದರೆ ಇದೇ ಮೊದಲು. ಗುಡ್ಡ ನೇರವಾಗಿ ಕಡಲಿಗೇ ಬಂದು ನಿಲ್ಲುತ್ತದೆ. ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ, ನಾಲ್ಕು ದೊಡ್ಡ ನದಿಗಳ ಅಳಿವೆ. ಅಂಕೋಲೆಯ ಇಶಾಡು ಮಾವು, ಕುಮಟಾದ ಸಿಹಿ ಈರುಳ್ಳಿ, ಸಾಣಿಕಟ್ಟೆಯ ಉಪ್ಪು. ಜನ ಕಡಿಮೆ, ಗದ್ದಲ ಕಡಿಮೆ. ಆಸ್ಪತ್ರೆಯೂ ಕಡಿಮೆ. ಇದರ ಬಗ್ಗೆ ಮುಂದೆ ಬರೆಯುತ್ತೇನೆ, ಯಾಕೆಂದರೆ ನಾವು ಅಲ್ಲಿಂದ ಎದ್ದು ಬಂದಿದ್ದೇ ಅದಕ್ಕೆ.

ಈಗಲೇ ಊರಿನ ಹೆಸರು ಬರೆದುಕೊಳ್ಳಬೇಡಿ. ಯಾವ ತುಂಡು ಅನ್ನುವುದನ್ನಷ್ಟೇ ಯೋಚಿಸಿ.

ಎರಡನೇ ಹೆಜ್ಜೆ: ಊರು ಬಿಡಿ, ಆಸ್ಪತ್ರೆಯಿಂದ ಲೆಕ್ಕ ಹಾಕಿ

45 ದಾಟಿದವರು ಊರು ಹುಡುಕುವಾಗ ಕಡಲಿಗೆ ಎಷ್ಟು ದೂರ ಅಂತ ಕೇಳುತ್ತಾರೆ. ಎದೆನೋವು ಬಂದರೆ ಎಷ್ಟು ಹೊತ್ತಿಗೆ ಒಳ್ಳೆಯ ಆಸ್ಪತ್ರೆಯ ಬಾಗಿಲು ತಲುಪುತ್ತೇನೆ ಅಂತ ಕೇಳುವವರು ಕಡಿಮೆ. ನಾನೂ ಕೇಳಿರಲಿಲ್ಲ.

ನಾವು ಹೊನ್ನಾವರಕ್ಕೆ ಬಂದು ಎರಡು ತಿಂಗಳೂ ಆಗಿರಲಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟಿನಲ್ಲಿ ಮಳೆನೀರಿಗೆ ಜಾರಿ ಪಲ್ಟಿಯಾಯಿತು. ನಾಲ್ಕು ಜನ ಸತ್ತರು. ಉತ್ತರ ಕನ್ನಡಕ್ಕೆ ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕು ಅನ್ನುವುದು ಹಳೆಯ ಬೇಡಿಕೆ, ಆ ವಾರ ಅದು ಮತ್ತೆ ಜೋರಾಯಿತು. ನಮ್ಮ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಪಕ್ಕದ ಮನೆಯ ಅಜ್ಜಿ ಮಾತ್ರ ಸುಮ್ನೆ ಕೇಳಿದರು, "ನೀವು ಬೆಂಗಳೂರಲ್ಲಿ ಅಷ್ಟೆಲ್ಲ ಆಸ್ಪತ್ರೆ ಬಿಟ್ಟು ಇಲ್ಲಿಗೆ ಎಂತಕ್ಕೆ ಬಂದದ್ದು?"

ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ತಾಲ್ಲೂಕು ಆಸ್ಪತ್ರೆಗಳಿವೆ. ಜ್ವರ, ಗಾಯ, ಹೆರಿಗೆಗೆ ತೊಂದರೆ ಇಲ್ಲ. ಆದರೆ ಹೃದಯ, ಮೆದುಳು, ದೊಡ್ಡ ಅಪಘಾತ ಅಂದರೆ ಕಾರವಾರದವರು ಗೋವಾಕ್ಕೆ ಓಡುತ್ತಾರೆ, ಹೊನ್ನಾವರ-ಭಟ್ಕಳದವರು ಮಣಿಪಾಲಕ್ಕೋ ಮಂಗಳೂರಿಗೋ. ಹೊನ್ನಾವರದಿಂದ ಮಣಿಪಾಲ ಏನಿಲ್ಲವೆಂದರೂ ಎರಡು ಗಂಟೆ ದಾರಿ, ಅದೂ ರಸ್ತೆ ಸರಿ ಇದ್ದರೆ.

ಹಾಗಾಗಿ ಒಂದು ಕಾಗದ ತೆಗೆದುಕೊಳ್ಳಿ. ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಇದೆ, ಅಪ್ಪ ಅಮ್ಮ ನಿಮ್ಮ ಜೊತೆ ಬರುತ್ತಾರಾ, ಮೂರು ತಿಂಗಳಿಗೊಮ್ಮೆ ಯಾವ ಡಾಕ್ಟರ್ ಬೇಕು, ಬರೆಯಿರಿ. ಆಮೇಲೆ ನಕ್ಷೆಯಲ್ಲಿ ಆ ಆಸ್ಪತ್ರೆಯ ಸುತ್ತ ಒಂದು ಗಂಟೆಯ ಗೆರೆ ಎಳೆಯಿರಿ. ಎಲ್ಲರೂ ಗಟ್ಟಿಮುಟ್ಟಾಗಿದ್ದರೆ ಗೆರೆ ಹಿಗ್ಗಿಸಿ, ತೊಂದರೆ ಇಲ್ಲ. ನನ್ನ ಅತ್ತೆಗೆ ಆಗಲೇ ಒಂದು ಸ್ಟೆಂಟ್ ಹಾಕಿದ್ದರು. ನಮ್ಮ ಗೆರೆ ಕುಂದಾಪುರ ದಾಟಿ ಮೇಲಕ್ಕೆ ಹೋಗಲಿಲ್ಲ. ಆರೋಗ್ಯ ವಿಮೆ ಇದ್ದರೆ ಆ ಆಸ್ಪತ್ರೆಯಲ್ಲಿ ನಗದುರಹಿತ ಸೌಲಭ್ಯ ಇದೆಯಾ ಅಂತ ಹೊರಡುವ ಮುಂಚೆಯೇ ಕೇಳಿ, ಬಂದಮೇಲೆ ಅಲ್ಲ.

ಮೂರನೇ ಹೆಜ್ಜೆ: ಜುಲೈನಲ್ಲಿ ಬನ್ನಿ, ವಾರ ಇರಿ

ಇದೊಂದು ಮಾಡಿ, ಉಳಿದಿದ್ದು ಬಿಟ್ಟರೂ ಪರವಾಗಿಲ್ಲ.

ಬೆಂಗಳೂರಿಗೆ ವರ್ಷವಿಡೀ ಬೀಳುವ ಮಳೆ ಸುಮಾರು 1000 ಮಿಲಿಮೀಟರ್. ಕರಾವಳಿಯಲ್ಲಿ ಜುಲೈ ಒಂದೇ ತಿಂಗಳಿಗೆ ಅಷ್ಟು ಬೀಳುವುದು ಮಾಮೂಲು. ಈ ಸಂಖ್ಯೆ ಓದಿದರೆ ಏನೂ ಅನ್ನಿಸುವುದಿಲ್ಲ. ಒಂಬತ್ತು ದಿನ ಬಿಡದೆ ಹೊಯ್ದು, ಬಟ್ಟೆ ಒಣಗದೆ, ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕಕ್ಕೆ, ಮದುವೆ ಆಲ್ಬಮ್ಮಿಗೆ ಬೂಷ್ಟು ಹಿಡಿದು, ಕರೆಂಟು ಹೋಗಿ, ಕಪ್ಪೆಯೊಂದು ಬಚ್ಚಲಲ್ಲಿ ಬಿಡಾರ ಹೂಡಿ ನಿಮ್ಮನ್ನೇ ನೋಡುತ್ತಾ ಕೂತಾಗ ಅನ್ನಿಸುತ್ತದೆ. ಅದು ನಿಮಗೆ ಖುಷಿ ಕೊಟ್ಟರೆ ನೀವು ಇಲ್ಲಿಯವರೇ. ನನ್ನ ಹೆಂಡತಿಗೆ ಕೊಟ್ಟಿತು. ನನಗೆ ಒಪ್ಪಿಕೊಳ್ಳಲು ಎರಡು ಮಳೆಗಾಲ ಬೇಕಾಯಿತು.

ಬಂದಾಗ ಸುಮ್ನೆ ಲಾಡ್ಜಲ್ಲಿ ಕೂರಬೇಡಿ. ಕಣ್ಣಿಟ್ಟ ಬೀದಿಯಲ್ಲಿ ಬೆಳಿಗ್ಗೆ ನಡೆಯಿರಿ. ನೀರು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ನೋಡಿ. ಮನೆಗಳ ಪಶ್ಚಿಮದ ಗೋಡೆ ನೋಡಿ. ಕಡಲಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುವುದು ಆ ಗೋಡೆಗೆ. ಅಲ್ಲಿ ಪಾಚಿ, ಬಿರುಕು, ತೇವ ಇದ್ದರೆ ಒಳಗೂ ಇದೆ. ಇಲ್ಲಿ ತಾರಸಿ ಮನೆಯ ಮೇಲೆ ಮತ್ತೆ ತಗಡಿನ ಮಾಡು ಹಾಕಿಸಿರುತ್ತಾರೆ. ಬೆಂಗಳೂರಿನವರಿಗೆ ಅದು ವಿಕಾರ ಅನ್ನಿಸಬಹುದು, ಆದರೆ ಅದಿಲ್ಲದ ಮನೆ ಬಾಡಿಗೆಗೆ ಹಿಡಿಯಬೇಡಿ.

ಜಾಗದ ಹೆಸರನ್ನೂ ಕೇಳಿಸಿಕೊಳ್ಳಿ. ಇದನ್ನು ನನಗೆ ಹೇಳಿಕೊಟ್ಟಿದ್ದು ನಮ್ಮ ಬಾವಿ ತೋಡಿದವರು. ಉಡುಪಿ-ಮಂಗಳೂರು ಕಡೆ ಬೈಲು ಅಂದರೆ ತಗ್ಗು, ಮಜಲು ನಡುವಿನದು, ಬೆಟ್ಟು ಎತ್ತರದ್ದು. ಕುದ್ರು ಅಂದರೆ ಹೊಳೆ ನಡುವಿನ ದ್ವೀಪ. ಹೊನ್ನಾವರ-ಅಂಕೋಲೆ ಕಡೆ ಅದನ್ನೇ ಕುರ್ವೆ ಅನ್ನುತ್ತಾರೆ. ಗಜನಿ ಅಂದರೆ ಉಪ್ಪುನೀರು ಬಂದು ಹೋಗುವ ಗದ್ದೆ. ಹೆಸರಿನ ಕೊನೆಗೆ ಬೈಲು, ಕುದ್ರು, ಕುರ್ವೆ ಇದ್ದರೆ ನೆರೆಯ ಬಗ್ಗೆ ಎರಡು ಸಲ ಕೇಳಿ. ಬೆಟ್ಟು ಇದ್ದರೆ ಬೇಸಿಗೆಯಲ್ಲಿ ಬಾವಿ ಬತ್ತುತ್ತದಾ ಅಂತ ಕೇಳಿ.

ಹೌದು, ಬೇಸಿಗೆಯಲ್ಲೂ ಒಮ್ಮೆ ಬರಬೇಕು. ಏಪ್ರಿಲ್ ಕೊನೆಗೆ, ಮೇ ಮೊದಲಿಗೆ. ಇಷ್ಟು ಮಳೆಯ ನಾಡಿನಲ್ಲಿ ಆಗ ಟ್ಯಾಂಕರ್ ಓಡುತ್ತದೆ ಅಂದರೆ ನಂಬುವುದಿಲ್ಲ ಅಲ್ವಾ? ಅಳಿವೆ ಹತ್ತಿರದ ಬಾವಿಗಳಲ್ಲಿ ನೀರಿರುತ್ತದೆ, ಕುಡಿದರೆ ಉಪ್ಪು. ಬಾವಿ ಇದೆ ಅಂತ ಮಾಲೀಕರು ಹೇಳಿದರೆ ಒಂದು ಲೋಟ ನೀರು ಕೇಳಿ, ಅಲ್ಲೇ ಕುಡಿಯಿರಿ. ನಾನು ಹೊನ್ನಾವರದ ಮನೆ ನೋಡಿದ್ದು ಡಿಸೆಂಬರ್‌ನಲ್ಲಿ, ನೀರು ಸಿಹಿಯಾಗಿತ್ತು. ಮೇ ತಿಂಗಳಲ್ಲಿ ಅದೇ ಬಾವಿಯ ನೀರಿನಲ್ಲಿ ಬೇಳೆ ಬೇಯಲಿಲ್ಲ.

ದಾರಿಯ ಲೆಕ್ಕವೂ ಮಳೆಗಾಲದಲ್ಲೇ ಗೊತ್ತಾಗುವುದು. 2024 ನೆನಪಿಸಿಕೊಳ್ಳಿ. ಜುಲೈ 16ಕ್ಕೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ (ಟೋಲ್‌ಗೇಟಿನ ಶಿರೂರು ಬೇರೆ, ಇದು ಬೇರೆ) ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಲಾರಿ ಗಂಗಾವಳಿಯ ಪಾಲಾಯಿತು, ಜನ ಸತ್ತರು. ಜುಲೈ 26ಕ್ಕೆ ಸಕಲೇಶಪುರ ಘಾಟಿಯ ಕಡಗರವಳ್ಳಿ-ಎಡಕುಮೇರಿ ನಡುವೆ ಮಣ್ಣು ಜರಿದು ಬೆಂಗಳೂರು ರೈಲು ಹಲವು ದಿನ ನಿಂತಿತು. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಒಂದು ತಿಂಗಳೊಳಗೆ ಮೂರು. ಅಷ್ಟರ ನಡುವೆ ಬೆಂಗಳೂರಿನಲ್ಲಿ ನಿಮ್ಮ ಅಮ್ಮ ಹುಷಾರು ತಪ್ಪಿದರೆ ಯಾವ ಘಾಟಿ ಹತ್ತುತ್ತೀರಿ? ಶಿರಾಡಿ ಮುಚ್ಚಿದರೆ ಚಾರ್ಮಾಡಿ, ಆಗುಂಬೆ, ಹುಲಿಕಲ್, ಉತ್ತರ ಕನ್ನಡದವರಿಗೆ ದೇವಿಮನೆ, ಅರಬೈಲು. ನಿಮ್ಮ ಊರಿನಿಂದ ಕನಿಷ್ಠ ಎರಡು ದಾರಿ ಗೊತ್ತಿರಲಿ. ಮಾಮೂಲು ದಿನಗಳಲ್ಲಿ ಪಂಚಗಂಗಾ ರಾತ್ರಿ ರೈಲು ಸಾಕು, ಹತ್ತಿ ಮಲಗಿದರೆ ಬೆಳಿಗ್ಗೆ ಬೆಂಗಳೂರು. ಆದರೆ ಊರಿಂದ ಸ್ಟೇಷನ್ ಎಷ್ಟು ದೂರ ಅಂತ ನೋಡಿ. ಕೊಂಕಣ ರೈಲಿನ ಎಷ್ಟೋ ನಿಲ್ದಾಣ ಪೇಟೆಯಿಂದ ದೂರ ಇವೆ, ಬೆಳಗಿನ ಜಾವ ಆಟೋ ಸಿಗುವುದು ಅದೃಷ್ಟ.

ನಾಲ್ಕನೇದು: ಒಂದು ವರ್ಷ ಬಾಡಿಗೆ, ಬೆಂಗಳೂರಿನ ಮನೆ ಹಾಗೇ ಇರಲಿ

ಮಾರಿ ಬರಬೇಡಿ. ಬಾಡಿಗೆಗೆ ಕೊಟ್ಟು ಬನ್ನಿ. ಜೂನ್‌ನಿಂದ ಜೂನ್‌ವರೆಗೆ ಒಂದು ಪೂರ್ತಿ ಸುತ್ತು ನೋಡಿ.

ಸಣ್ಣ ಊರಲ್ಲಿ ಬಾಡಿಗೆ ಮನೆ ಜಾಹೀರಾತಿನಲ್ಲಿ ಸಿಗುವುದಿಲ್ಲ. ಚಹಾ ಅಂಗಡಿಯಲ್ಲಿ ಸಿಗುತ್ತದೆ, ದಿನಸಿ ಅಂಗಡಿಯಲ್ಲಿ ಸಿಗುತ್ತದೆ. ಎಷ್ಟೋ ಮನೆಗಳು ಖಾಲಿ ಇರುತ್ತವೆ, ಮಾಲೀಕರು ಮುಂಬೈಯಲ್ಲೋ ಗಲ್ಫಿನಲ್ಲೋ ಇರುತ್ತಾರೆ, ಬೀಗದ ಕೈ ಅಕ್ಕಪಕ್ಕದವರ ಹತ್ತಿರ. ಮೀನು-ಮಾಂಸ ಮಾಡುತ್ತೀರಾ ಅಂತ ಕೇಳುತ್ತಾರೆ. ಜಾತಿ, ಧರ್ಮವೂ ನೇರವಾಗಿಯೋ ಸುತ್ತಿ ಬಳಸಿಯೋ ಬರುತ್ತದೆ. ಇದು ಬೆಂಗಳೂರಿನಲ್ಲೂ ಇದೆ, ಇಲ್ಲಿ ಮುಚ್ಚುಮರೆ ಕಡಿಮೆ ಅಷ್ಟೆ. ನನಗೆ ಹಿಡಿಸಲಿಲ್ಲ, ಆದರೆ ಗೊತ್ತಿರಲಿ ಅಂತ ಹೇಳಿದೆ.

ಕಡಲಿಗೆ ಅಂಟಿದ ಮನೆ ಬೇಡ. ಉಪ್ಪುಗಾಳಿಗೆ ಫ್ರಿಜ್ಜಿನ ಹಿಂಭಾಗ, ಎ.ಸಿ., ಬೈಕಿನ ಸೈಲೆನ್ಸರ್, ಕಿಟಕಿಯ ಸರಳು ಎಲ್ಲ ತುಕ್ಕು. ಒಂದೆರಡು ಕಿಲೋಮೀಟರ್ ಒಳಗಿದ್ದರೆ ಸಂಜೆ ನಡೆದು ಹೋಗಿ ಬರಬಹುದು, ಫ್ರಿಜ್ಜೂ ಉಳಿಯುತ್ತದೆ.

ಮನೆಯಿಂದಲೇ ಕೆಲಸ ಮಾಡುವವರು ಎರಡು ಕಂಪನಿಯ ಸಂಪರ್ಕ ಇಟ್ಟುಕೊಳ್ಳಿ, ಒಂದು ಫೈಬರ್, ಒಂದು ಮೊಬೈಲ್. ದೊಡ್ಡ ಇನ್ವರ್ಟರ್ ಬೇಕೇ ಬೇಕು. ಗಾಳಿಗೆ ಮರ ತಂತಿಯ ಮೇಲೆ ಬಿದ್ದರೆ ಲೈನ್‌ಮನ್ ಹೊಳೆ ದಾಟಿ ಬರಬೇಕು, ಅವರನ್ನು ಬೈದು ಪ್ರಯೋಜನವಿಲ್ಲ. ಮಕ್ಕಳ ಓದಿನ ಬಗ್ಗೆ ಹೆದರಬೇಡಿ, ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ, ಉಡುಪಿ ಹೆಚ್ಚಿನ ವರ್ಷ ಮೇಲಿನ ಸ್ಥಾನದಲ್ಲೇ ಇರುತ್ತವೆ.

ಐದನೇದು: ಜಾಗ ಕೊಳ್ಳುವಾಗ

ವರ್ಷ ಮುಗಿಯಿತು, ಇನ್ನೂ ಇಷ್ಟ ಇದೆ ಅಂದರೆ ಮಾತ್ರ ಇದನ್ನು ಓದಿ.

2020ರ ತಿದ್ದುಪಡಿ ಆದಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅದರಿಂದ ದಾರಿ ಸಲೀಸಾಯಿತು, ಮೋಸಕ್ಕೂ ಸಲೀಸಾಯಿತು. ಮೊದಲು ಅಳತೆ ಕಲಿಯಿರಿ. ಉಡುಪಿ, ದಕ್ಷಿಣ ಕನ್ನಡದಲ್ಲಿ ಸೆಂಟ್ಸ್, ಉತ್ತರ ಕನ್ನಡದಲ್ಲಿ ಗುಂಟೆ. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್.

ಆಮೇಲೆ ಕುಮ್ಕಿ. ಹಳೇ ದಕ್ಷಿಣ ಕನ್ನಡದಲ್ಲಿ, ಅಂದರೆ ಈಗಿನ ಎರಡೂ ಜಿಲ್ಲೆಯಲ್ಲಿ, ವರ್ಗ ಜಾಗದ (ಅಂದರೆ ಸ್ವಂತ ಪಟ್ಟಾ ಜಮೀನಿನ) ಪಕ್ಕದ ಸರ್ಕಾರಿ ಜಾಗದಲ್ಲಿ ಸೊಪ್ಪು-ಸೌದೆಗೆ ಕೃಷಿಕರಿಗೆ ಒಂದು ಸವಲತ್ತು ಇದೆ. ಅದೇ ಕುಮ್ಕಿ. ಸವಲತ್ತು ಮಾತ್ರ, ಒಡೆತನ ಅಲ್ಲ. ಆದರೆ ತಲೆಮಾರುಗಳಿಂದ ಬೇಲಿಯೊಳಗೇ ಇರುತ್ತದೆ. ದಲ್ಲಾಳಿಯೊಬ್ಬರು ನನಗೆ ಬೇಲಿ ಸುತ್ತ ನಡೆಸಿ ಒಂದು ಎಕರೆ ಅಂತ ತೋರಿಸಿದರು. ಗೇರು ಮರ, ಹಲಸು, ನೋಡಲು ಚಂದ. ಪಹಣಿ ತೆಗೆಸಿದರೆ 38 ಸೆಂಟ್ಸ್. ಉಳಿದದ್ದು ಕುಮ್ಕಿ. "ಅದೆಲ್ಲ ನಮ್ಮದೇ ಲೆಕ್ಕ ಮಾರಾಯ್ರೆ, ಯಾರೂ ಕೇಳುದಿಲ್ಲ" ಅಂದರು. ಉತ್ತರ ಕನ್ನಡದಲ್ಲಿ ಇಂಥದ್ದೇ ಗೊಂದಲ ಬೆಟ್ಟ ಭೂಮಿಯದ್ದು, ಅಂದರೆ ಅಡಿಕೆ ತೋಟದವರಿಗೆ ಸೊಪ್ಪಿಗೆ ಅಂತ ಬಿಟ್ಟ ಸರ್ಕಾರಿ ಜಾಗದ್ದು. ಪಹಣಿಯಲ್ಲಿ ಇದ್ದಷ್ಟಕ್ಕೆ ಮಾತ್ರ ದುಡ್ಡು ಕೊಡಿ. ಸರ್ವೆಯರ್ ಬಂದು ಕಲ್ಲು ಹಾಕದೆ ಮುಂಗಡವನ್ನೂ ಕೊಡಬೇಡಿ.

ಮೂಲಗೇಣಿ (ಹಿಂದೆ ಕಾಯಂ ಗೇಣಿಗೆ ಕೊಟ್ಟ) ಜಾಗವಾದರೆ ಒಡೆತನ ಯಾರ ಹೆಸರಿನಲ್ಲಿದೆ ಅಂತ ವಕೀಲರಿಂದ ನೋಡಿಸಿ. ಕುಟುಂಬದ ಹಳೇ ಆಸ್ತಿಯಾದರೆ ಸಹಿ ಹಾಕಬೇಕಾದವರು ಇಪ್ಪತ್ತು ಜನ ಇರಬಹುದು. ಅಳಿಯಕಟ್ಟಿನ ಮನೆತನವಾದರೆ ಹಕ್ಕು ತಾಯಿಯ ಕಡೆಯಿಂದ ಬರುತ್ತದೆ, ನಮ್ಮ ಬಯಲುಸೀಮೆಯ ತಲೆಗೆ ಅದು ಸುಲಭಕ್ಕೆ ಹತ್ತುವುದಿಲ್ಲ. ವಂಶವೃಕ್ಷ ಕೇಳಿ, ಒಬ್ಬೊಬ್ಬರನ್ನೇ ಎಣಿಸಿ. ಮುಂಬೈಯಲ್ಲಿರುವ ದೊಡ್ಡಮ್ಮನ ಮಗಳು ಬಿಟ್ಟುಹೋದರೆ ಅವಳು ಹತ್ತು ವರ್ಷ ಬಿಟ್ಟು ಬರುತ್ತಾಳೆ.

ಜಾಗದಲ್ಲಿ ನಾಗಬನವೋ ದೈವದ ಕಲ್ಲೋ ಇದೆಯಾ ಕೇಳಿ. ಇದ್ದರೆ ಕೊಳ್ಳಬಾರದು ಅಂತಲ್ಲ. ಆ ಮನೆತನದವರು ನಾಗರಪಂಚಮಿಗೆ ಹಾಲೆರೆಯಲು ಬರುತ್ತಾರೆ, ದಾರಿ ಬಿಡಬೇಕು. ನೀವು ಅದನ್ನು ಸಂತೋಷವಾಗಿ ಒಪ್ಪುವವರಾದರೆ ಸರಿ, ಬೇಲಿ ಹಾಕಿ ಬೀಗ ಜಡಿಯುವವರಾದರೆ ಬೇರೆ ಜಾಗ ನೋಡಿ.

ಕಡಲ ಎದುರಿನ ಸೈಟು ಅಂತ ಯಾರಾದರೂ ಆಸೆ ಹುಟ್ಟಿಸಿದರೆ ಸಿಆರ್‌ಝಡ್ ನಕ್ಷೆ ಕೇಳಿ. ಕಡಲ ಉಬ್ಬರ ಏರುವ ಗೆರೆಯಿಂದ 500 ಮೀಟರ್‌ವರೆಗೆ ಕರಾವಳಿ ನಿಯಂತ್ರಣ ವಲಯ, ಅದರಲ್ಲೂ ನೀರಿಗೆ ಹತ್ತಿರದ ಪಟ್ಟಿಯಲ್ಲಿ ಹೊಸ ಮನೆ ಕಟ್ಟಲು ಬಿಡುವುದಿಲ್ಲ. ಕಡಲಿಗೆ ಮಾತ್ರ ಅಲ್ಲ, ಉಬ್ಬರ ಏರುವ ಹೊಳೆ ದಂಡೆಗೂ ಇದೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಾನೂನು ಇಲ್ಲದಿದ್ದರೂ ಕಡಲ್ಕೊರೆತ ಇದೆಯಲ್ಲ, ಉಳ್ಳಾಲದಲ್ಲಿ, ಮರವಂತೆಯಲ್ಲಿ ಕಲ್ಲು ಸುರಿದದ್ದನ್ನು ಒಮ್ಮೆ ನೋಡಿ ಬನ್ನಿ. ಮುಂದೆ ಏನು ಬರಲಿದೆ ಅಂತಲೂ ವಿಚಾರಿಸಿ. ಹೊನ್ನಾವರದ ಕಾಸರಕೋಡಿನಲ್ಲೂ ಅಂಕೋಲೆಯ ಕೇಣಿಯಲ್ಲೂ ಬಂದರು ಯೋಜನೆಯ ವಿರುದ್ಧ ಮೀನುಗಾರರು ಬೀದಿಗಿಳಿದಿದ್ದಾರೆ. ನೀವು ಶಾಂತಿ ಹುಡುಕಿ ಕೊಳ್ಳುವ ದಂಡೆ ಬೇರೆಯವರ ಹೊಟ್ಟೆಪಾಡಿನ ಜಾಗ ಅನ್ನುವುದು ಅಲ್ಲಿ ನಿಂತಾಗ ಗೊತ್ತಾಗುತ್ತದೆ.

ಇನ್ನು ಜನ

ಇಲ್ಲಿ ಮೊದಲ ಪ್ರಶ್ನೆ "ಮನೆ ಎಲ್ಲಾಯ್ತು?" ಅಂತ. ಅದು ತನಿಖೆ ಅಲ್ಲ, ನಿಮ್ಮನ್ನು ಯಾವ ಕೊಂಡಿಗೆ ಸಿಕ್ಕಿಸಬೇಕು ಅಂತ ನೋಡುವುದು. ಸರಿಯಾಗಿ ಉತ್ತರ ಕೊಡಿ. ಉಡುಪಿಯಿಂದ ಕೆಳಗೆ ತುಳು ಎರಡು ಮಾತು ಕಲಿತರೆ ಬಾಗಿಲು ತೆರೆಯುತ್ತದೆ. ಮೇಲೆ ಕೊಂಕಣಿ, ಭಟ್ಕಳದಲ್ಲಿ ನವಾಯತಿ ಕಿವಿಗೆ ಬೀಳುತ್ತದೆ. ಕನ್ನಡ ಎಲ್ಲರಿಗೂ ಬರುತ್ತದೆ, ಆದರೆ ನಮ್ಮ ಏಕವಚನ ಇಲ್ಲಿ ಒರಟು. ಆಟೋದವರಿಗೂ "ಬನ್ನಿ, ಹೋಗಿ" ಅನ್ನಬೇಕು. ನಾನು ಒಮ್ಮೆ "ಬಾರಪ್ಪ" ಅಂದು ಅರ್ಧ ಗಂಟೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ.

ಮಳೆಗಾಲ ಮುಗಿದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಾಗ ಒಂದು ರಾತ್ರಿ ಹೋಗಿ ಕೂರಿ, ನಿದ್ದೆ ಬಂದರೂ ಪರವಾಗಿಲ್ಲ, ಪಕ್ಕದಲ್ಲಿ ಕೂತವರೂ ತೂಕಡಿಸುತ್ತಿರುತ್ತಾರೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ, ಮೀನಿನ ಬೆಲೆ ಏರುತ್ತದೆ. ಆಗ ಒಣಮೀನಿನ ಚಟ್ನಿ ಕಲಿಸುವ ಪಕ್ಕದ ಮನೆಯವರು ಸಿಕ್ಕರೆ ನೀವು ಊರು ಸರಿಯಾಗಿ ಆರಿಸಿದ್ದೀರಿ.

ಸಾಮಾನು ಇಳಿಸಿದ ಮೊದಲ ವಾರ ಆಧಾರ್ ವಿಳಾಸ, ಗ್ಯಾಸ್, ಮತಪಟ್ಟಿ ಅಂತ ಓಡಾಡುತ್ತೀರಿ, ಅದೆಲ್ಲ ಆಗುತ್ತದೆ. ಅದಕ್ಕಿಂತ ಮೊದಲು ಮೂರು ಫೋನ್ ನಂಬರ್ ಸಂಪಾದಿಸಿ: ಕರೆಂಟಿನವರದ್ದು, ಹಾವು ಹಿಡಿಯುವವರದ್ದು, ತೆಂಗಿನಕಾಯಿ ಕೀಳುವವರದ್ದು. ಮೊದಲ ಎರಡು ಸುಲಭಕ್ಕೆ ಸಿಕ್ಕವು. ಮೂರನೆಯದಕ್ಕೆ ನಾನು ಎಂಟು ತಿಂಗಳು ಕಾದೆ. ಅವರು ಈಗಲೂ ಬರುವ ದಿನ ಹೇಳುವುದಿಲ್ಲ, ಕಾಯಿ ಬಿದ್ದ ಸದ್ದು ಕೇಳಿದಾಗ ಬಂದಿದ್ದಾರೆ ಅಂತ ಗೊತ್ತಾಗುತ್ತದೆ.